ಹಳೆ ಕಾರ್ವೆಟ್‌ನ ಗೇರ್‌ಬಾಕ್ಸ್ ಎಣ್ಣೆ ಎಲ್ಲಿಂದ ಸೋರುತ್ತಿದೆ? ಬಿಚ್ಚುವ ಮೊದಲು ಹುಡುಕಿ

ಗರಾಜಿನ ನೆಲದ ಮೇಲೆ ಕೆಂಪು ಕಲೆ ಕಂಡ ಕೂಡಲೇ ಬಹಳ ಜನ ಮಾಡುವ ಮೊದಲ ಕೆಲಸ ಪ್ಯಾನ್ ಗ್ಯಾಸ್ಕೆಟ್ (ಗೇರ್‌ಬಾಕ್ಸ್ ಕೆಳಗಿನ ಎಣ್ಣೆ ತಟ್ಟೆಯ ಅಂಚಿಗೆ ಹಾಕುವ ಪಟ್ಟಿ) ತರಿಸುವುದು. ಅದನ್ನು ಹಾಕುತ್ತಾರೆ, ಎರಡು ದಿನ ನೆಲ ಒಣಗಿರುತ್ತದೆ, ಮೂರನೇ ದಿನ ಅದೇ ಜಾಗದಲ್ಲಿ ಮತ್ತೆ ಕಲೆ. ಗೇರ್‌ಬಾಕ್ಸ್‌ನಲ್ಲಿ ಪ್ಯಾನ್ ಎಲ್ಲಕ್ಕಿಂತ ಕೆಳಗಿದೆ. ಮೇಲೆ ಎಲ್ಲಿ ಒಸರಿದರೂ ಎಣ್ಣೆ ಮೈಮೇಲೆ ಹರಿದು ಬಂದು ಕೊನೆಗೆ ತೊಟ್ಟಿಕ್ಕುವುದು ಅದರ ಅಂಚಿನಿಂದಲೇ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಹನಿ ಬೀಳುವ ಜಾಗ ನೋಡಿ ತೀರ್ಮಾನ ಮಾಡಬೇಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು, ಎಲ್ಲಕ್ಕಿಂತ ಮುಂದಿರುವುದು ಯಾವುದು ಅಂತ ಹುಡುಕಿ.

ನಾನು ಹೇಳುತ್ತಿರುವುದು ಶೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ನ ನಾಲ್ಕನೇ ತಲೆಮಾರಿನ ಬಗ್ಗೆ, ಎಲ್ಲರೂ ಸಿ4 ಅನ್ನುವ ಕಾರು, 1984ರಿಂದ 1996ರ ಮಾಡೆಲ್‌ಗಳು, ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿ ತಯಾರಾದವು. ಅದರಲ್ಲೂ ಆಟೊಮ್ಯಾಟಿಕ್ ಇರುವವು. 1993ರವರೆಗೆ ಅದರಲ್ಲಿ ಇದ್ದದ್ದು 700ಆರ್4. 1990ರಲ್ಲಿ ಅದರ ಹೆಸರು 4ಎಲ್60 ಆಯಿತು, ಗೇರ್‌ಬಾಕ್ಸ್ ಅದೇ. 1994ರಿಂದ ಎಲೆಕ್ಟ್ರಾನಿಕ್ ನಿಯಂತ್ರಣದ 4ಎಲ್60-ಇ ಬಂತು. ಅಮೆರಿಕದಲ್ಲಿ ನೆಲೆಸಿ ಇಂಥದ್ದೊಂದು ಹಳೆ ಕಾರು ಕೊಂಡ ಕನ್ನಡಿಗರಿಗೆ ಇದು ಜಾಸ್ತಿ ಉಪಯೋಗ, ಯಾಕೆಂದರೆ ಅಲ್ಲಿ ದುಬಾರಿಯಾಗುವುದು ಕೂಲಿಯೇ ಹೊರತು ಸೀಲ್ ಅಲ್ಲ. ಕೆಲವು ವರ್ಕ್‌ಶಾಪ್‌ಗಳಲ್ಲಿ ಕಾರಿನ ಕೆಳಗೆ ಒಮ್ಮೆ ಟಾರ್ಚ್ ಬಿಟ್ಟು 'ಫ್ರಂಟ್ ಸೀಲ್ (ಗೇರ್‌ಬಾಕ್ಸ್‌ನ ಮುಂತುದಿಯ ಸೀಲ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು' ಅಂದುಬಿಡುತ್ತಾರೆ. ಆ ಮಾತು ನಿಜವೋ ಅಲ್ಲವೋ ಅಂತ ನಿಮಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಮೊದಲು, ಬೀಳುತ್ತಿರುವುದು ಗೇರ್‌ಬಾಕ್ಸ್ ಎಣ್ಣೆಯೇನಾ ಅಂತ ಖಚಿತ ಮಾಡಿಕೊಳ್ಳಿ. ಬಣ್ಣವೊಂದನ್ನೇ ನಂಬಬೇಡಿ. ಹೊಸ ಎಣ್ಣೆ ಕೆಂಪಗಿರುತ್ತದೆ, ಆದರೆ ಹಳತಾದ ಮೇಲೆ ಕಂದಾಗುತ್ತದೆ, ಆಗ ನೋಡುವುದಕ್ಕೆ ಎಂಜಿನ್ ಆಯಿಲ್ ತರಹವೇ ಇರುತ್ತದೆ. ಒಂದು ಬಿಳಿ ಕಾಗದ ತೆಗೆದುಕೊಳ್ಳಿ. ನೆಲದ ಮೇಲಿನ ಹನಿ ಒಂದು ಕಡೆ, ಗೇರ್‌ಬಾಕ್ಸ್ ಡಿಪ್‌ಸ್ಟಿಕ್‌ನಿಂದ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಒಂದು ಹನಿ ಪಕ್ಕದಲ್ಲಿ, ಎಂಜಿನ್ ಡಿಪ್‌ಸ್ಟಿಕ್‌ನಿಂದ ಇನ್ನೊಂದು. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಯಾವುದು ಯಾವುದಕ್ಕೆ ಹೋಲುತ್ತದೆ ಅಂತ ತಿಳಿಯುತ್ತದೆ. ಕಲೆ ಕಾರಿನ ಹಿಂಭಾಗದಲ್ಲಿದ್ದು ಮೂಗಿಗೆ ಹೊಡೆಯುವ ಗಂಧಕದ ವಾಸನೆ ಇದ್ದರೆ ಅದು ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಎಣ್ಣೆ.

ಎಂಜಿನ್ ಆಯಿಲ್ ಅಂತ ಗೊತ್ತಾದರೆ ಹುಡುಕಾಟ ಮೇಲಕ್ಕೆ ಹೋಗಬೇಕು. ಈ ಎಂಜಿನ್‌ಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಹಿಂಬದಿ ಅಂಚು, ಎಂಜಿನ್ ಹಿಂದೆ ಡಿಸ್ಟ್ರಿಬ್ಯೂಟರ್ ಇರುವ ಮಾಡೆಲ್‌ಗಳಲ್ಲಿ ಅದರ ಬುಡ, ಅಲ್ಲೇ ಹತ್ತಿರದ ಆಯಿಲ್ ಪ್ರೆಶರ್ ಸೆಂಡರ್, ವಾಲ್ವ್ ಕವರ್ ಮೂಲೆ, ಇವುಗಳಲ್ಲಿ ಯಾವುದು ಸೋರಿದರೂ ಎಣ್ಣೆ ಎಂಜಿನ್ ಹಿಂಬದಿಯಿಂದ ಇಳಿದು ಬೆಲ್ ಹೌಸಿಂಗ್ (ಎಂಜಿನ್‌ಗೆ ಸೇರುವ ಗೇರ್‌ಬಾಕ್ಸ್‌ನ ಅಗಲವಾದ ಮುಂಭಾಗ) ಮೇಲೆ ಬರುತ್ತದೆ. ಅದನ್ನು ನೋಡಿ ಸುಮ್ನೆ ಗೇರ್‌ಬಾಕ್ಸ್ ಮೇಲೆ ಗೂಬೆ ಕೂರಿಸಬೇಡಿ.

ಈಗ ಕಾರು ಎತ್ತುವ ವಿಷಯ. ನಾಲ್ಕೂ ಕಡೆ ಜ್ಯಾಕ್ ಸ್ಟ್ಯಾಂಡ್ ಕೊಡಿ, ಗಟ್ಟಿ ಸಮತಟ್ಟು ನೆಲದ ಮೇಲೆ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬೇಡಿ, ಒಂದು ನಿಮಿಷಕ್ಕೂ ಬೇಡ. ಸಿ4 ಮೈ ಫೈಬರ್‌ಗ್ಲಾಸ್, ಆದ್ದರಿಂದ ಭಾರ ಬೀಳುವುದು ಫ್ರೇಮ್ ಮೇಲಿನ ಜಾಗಗಳಿಗೆ ಮಾತ್ರ. ನಾಲ್ಕೂ ಕಡೆ ಯಾಕೆ ಅಂದರೆ, ಮುಂದಿನ ಎರಡು ಚಕ್ರ ಮಾತ್ರ ಎತ್ತಿದರೆ ಎಣ್ಣೆಯೆಲ್ಲ ಹಿಂದಕ್ಕೆ ಹರಿಯುತ್ತದೆ, ಬೆಲ್ ಹೌಸಿಂಗ್‌ನಲ್ಲಿ ಶುರುವಾದ ಸೋರಿಕೆ ಬಾಲದ ಸೀಲ್‌ನದು (ಗೇರ್‌ಬಾಕ್ಸ್ ಹಿಂತುದಿಯ ಸೀಲ್) ಅನ್ನಿಸಿಬಿಡುತ್ತದೆ.

ಆಮೇಲೆ ತೊಳೆಯುವುದು. ಈ ಕೆಲಸವನ್ನು ಬಿಟ್ಟು ಮುಂದೆ ಹೋದವರಿಗೆ ಏನೂ ಸಿಗುವುದಿಲ್ಲ. ಮೂವತ್ತು ವರ್ಷದ ಮಣ್ಣು, ಎಣ್ಣೆ ಸೇರಿ ಗಟ್ಟಿಯಾಗಿ ಅಂಟಿರುತ್ತದೆ, ಅದರ ಮೇಲೆ ಹೊಸ ಹನಿ ಎಲ್ಲಿಂದ ಬಂತು ಅಂತ ಯಾರಿಗೂ ಕಾಣುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡಿಗ್ರೀಸರ್ ಹೊಡೆದು ಗಡುಸು ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ವೈರ್ ಕನೆಕ್ಟರ್‌ಗಳ ಮೇಲೆ ಜೋರಾಗಿ ನೀರು ಬಿಡಬೇಡಿ. ಎಕ್ಸಾಸ್ಟ್ ಬಿಸಿಯಿರುವಾಗ ಯಾವ ಸ್ಪ್ರೇಯೂ ಬೇಡ, ಬೆಂಕಿ ಹತ್ತಬಹುದು. ಬೆಲ್ ಹೌಸಿಂಗ್ ಕೆಳಗಿನ ತಗಡಿನ ಮುಚ್ಚಳ ಬಿಚ್ಚಿ ಒಳಗೂ ಒರೆಸಿಡಿ.

ತೊಳೆದಾದ ಮೇಲೆ ಒಂದು ದೊಡ್ಡ ರಟ್ಟು ಹಾಸಿ. ಅದರ ಮೇಲೆ ಮುಂದಿನ ಚಕ್ರಗಳ ಜಾಗ, ಪ್ಯಾನ್‌ನ ನಾಲ್ಕು ಮೂಲೆಗಳ ಜಾಗ ಗುರುತು ಮಾಡಿ. ಹನಿ ಬಿದ್ದಾಗ ಎಲ್ಲಿ ಬಿತ್ತು ಅನ್ನುವುದರ ಜೊತೆ ಯಾವಾಗ ಬಿತ್ತು ಅನ್ನುವುದನ್ನೂ ಬರೆದಿಡಿ. ಕಾರು ಓಡಿಸಿ ನಿಲ್ಲಿಸಿದ ತಕ್ಷಣವಾ, ರಾತ್ರಿ ಕಳೆದ ಮೇಲಾ, ಅಥವಾ ಒಂದು ವಾರ ನಿಂತ ಮೇಲಾ? ನನ್ನ ಅನುಭವದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ವಾರಗಟ್ಟಲೆ ನಿಂತಾಗ ಮಾತ್ರ ಸೋರುವ ಕಾರಿನ ಕತೆಯೇ ಬೇರೆ. ಓಡುವಾಗ ಟಾರ್ಕ್ ಕನ್ವರ್ಟರ್ (ಎಂಜಿನ್‌ನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ತುಂಬ ಎಣ್ಣೆ ಇರುತ್ತದೆ. ಕಾರು ನಿಂತ ಮೇಲೆ ಅದು ನಿಧಾನಕ್ಕೆ ಪ್ಯಾನ್‌ಗೆ ಇಳಿಯುತ್ತದೆ. ಪ್ಯಾನ್ ತುಂಬಿ ಮಟ್ಟ ಮೇಲೇರಿ, ಮಾಮೂಲಿಯಾಗಿ ಎಣ್ಣೆಯಲ್ಲಿ ಮುಳುಗದೇ ಇರುವ ಸೀಲ್‌ಗಳ ಮಟ್ಟಕ್ಕೆ ಬರುತ್ತದೆ. ಡ್ರೈವರ್ ಕಡೆ (ಅಮೆರಿಕದ ಕಾರಿನಲ್ಲಿ ಎಡಗಡೆ) ಗೇರ್ ಲಿವರ್ ಶಾಫ್ಟ್‌ನ ಸೀಲ್, ಅದೇ ಕಡೆ ಎಲೆಕ್ಟ್ರಿಕ್ ಕನೆಕ್ಟರ್‌ನ ಓ-ರಿಂಗ್ ಅಂದರೆ ರಬ್ಬರ್ ಬಳೆ (4ಎಲ್60-ಇಯಲ್ಲಿ ಕನೆಕ್ಟರ್ ಪ್ಯಾಸೆಂಜರ್ ಕಡೆ), ಪ್ಯಾಸೆಂಜರ್ ಕಡೆ ಟಿವಿ ಕೇಬಲ್ (ಥ್ರಾಟಲ್ ವಾಲ್ವ್ ಕೇಬಲ್) ಮತ್ತು ಡಿಪ್‌ಸ್ಟಿಕ್ ಕೊಳವೆಯ ಬುಡ, ಇವೇ ಮುಖ್ಯ ಅನುಮಾನ. ಓಡಿಸುವಾಗ ಒಂದು ಹನಿಯೂ ಬೀಳುವುದಿಲ್ಲ, ಚಳಿಗಾಲ ಪೂರ್ತಿ ನಿಲ್ಲಿಸಿಟ್ಟು ವಸಂತಕ್ಕೆ ಬಂದು ನೋಡಿದರೆ ಕೆಳಗೆ ಮಡು. ಪರೀಕ್ಷೆ ಸುಲಭ: ಒಂದು ವಾರ ನಿಂತ ಕಾರಿನ ಡಿಪ್‌ಸ್ಟಿಕ್ ಅನ್ನು ಸ್ಟಾರ್ಟ್ ಮಾಡದೇ ತೆಗೆದು ನೋಡಿ. ಗುರುತಿಗಿಂತ ತುಂಬಾ ಮೇಲೆ ಒದ್ದೆಯಿರುತ್ತದೆ. ಅದನ್ನು ನೋಡಿ ಎಣ್ಣೆ ಜಾಸ್ತಿಯಾಗಿದೆ ಅಂತ ತೆಗೆದುಬಿಟ್ಟರೆ ಓಡುವಾಗ ಕಡಿಮೆ ಬೀಳುತ್ತದೆ, ಗೇರ್‌ಬಾಕ್ಸ್‌ಗೆ ಕೇಡು. ಸರಿಯಾದ ಮಟ್ಟ ನೋಡುವುದು ಎಣ್ಣೆ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಪಾರ್ಕ್‌ನಲ್ಲಿ, ಎಂಜಿನ್ ಓಡುತ್ತಿರುವಾಗಲೇ.

ಟಿವಿ ಕೇಬಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ 700ಆರ್4ನಲ್ಲಿ ಪ್ಯಾನ್ ಗ್ಯಾಸ್ಕೆಟ್ ತಲೆ ಮೇಲೆ ಬರುವ ಅಪವಾದಗಳಲ್ಲಿ ಬಹಳಷ್ಟು ನಿಜವಾಗಿ ಇದರದ್ದು. ಥ್ರಾಟಲ್‌ನಿಂದ ಬರುವ ಈ ಕೇಬಲ್ ಪ್ಯಾಸೆಂಜರ್ ಕಡೆ, ಪ್ಯಾನ್ ಅಂಚಿಗಿಂತ ಸ್ವಲ್ಪ ಮೇಲೆ ಗೇರ್‌ಬಾಕ್ಸ್ ಒಳಗೆ ಹೋಗುತ್ತದೆ. ಒಂದೇ ಬೋಲ್ಟ್, ಕೆಳಗೊಂದು ಓ-ರಿಂಗ್. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಆ ಓ-ರಿಂಗ್ ತೆಗೆದು ನೋಡಿದರೆ ದುಂಡಗಿರಬೇಕಾದದ್ದು ಚಪ್ಪಟೆಯಾಗಿರುತ್ತದೆ, ಉಗುರಿನಿಂದ ಒತ್ತಿದರೆ ತಗ್ಗುವುದಿಲ್ಲ, ಬಗ್ಗಿಸಿದರೆ ಪಟ್ಟಂತ ಮುರಿಯುತ್ತದೆ. ಸೋರುವಾಗ ಟಾರ್ಚ್ ಬೆಳಕಿನಲ್ಲಿ ಕೇಬಲ್ ಬುಡದ ಸುತ್ತ ತೆಳ್ಳನೆ ಹೊಳಪು ಕಾಣುತ್ತದೆ, ಅಲ್ಲಿಂದ ಒಂದು ಗೆರೆ ಇಳಿದು ಪ್ಯಾನ್ ಅಂಚಿಗೆ ಸೇರುತ್ತದೆ. ಹೊಸದಕ್ಕೆ ಗೇರ್‌ಬಾಕ್ಸ್ ಎಣ್ಣೆ ಸವರಿ ಕೂರಿಸಿ. ಒಳಗಿನ ಕೊಂಡಿಗೆ ಕೇಬಲ್ ತುದಿ ಸರಿಯಾಗಿ ಸಿಕ್ಕಿಕೊಂಡಿದೆಯಾ ನೋಡಿ. ಮುಗಿದ ಮೇಲೆ ಕೇಬಲ್ ಅಡ್ಜಸ್ಟ್ ಮಾಡಲೇಬೇಕು: ಥ್ರಾಟಲ್ ತುದಿಯಲ್ಲಿರುವ ಗುಂಡಿ ಒತ್ತಿ ಸ್ಲೈಡರ್ ಪೂರ್ತಿ ಹಿಂದಕ್ಕೆ ತಳ್ಳಿ, ಗುಂಡಿ ಬಿಟ್ಟು, ಥ್ರಾಟಲ್ ಪೂರ್ತಿ ತೆರೆಯಿರಿ, ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ಗೇರ್‌ಬಾಕ್ಸ್ ಒಳಗಿನ ಒತ್ತಡ ಈ ಕೇಬಲ್ ಹೇಳಿದ ಹಾಗೆ ನಡೆಯುತ್ತದೆ. ಅದು ಸಡಿಲವಿದ್ದರೆ ಕ್ಲಚ್‌ಗಳು ಜಾರಿ ಬಹಳ ಬೇಗ ಸುಟ್ಟುಹೋಗುತ್ತವೆ. 4ಎಲ್60-ಇಯಲ್ಲಿ ಈ ಕೇಬಲ್ ಇಲ್ಲ.

ಓಡುವಾಗ ಮಾತ್ರ ಸೋರಿದರೆ ಒತ್ತಡ ಇರುವ ಜಾಗ, ಇಲ್ಲವೇ ಎಣ್ಣೆ ಸಿಡಿಯುವ ಜಾಗ ನೋಡಬೇಕು. ರೇಡಿಯೇಟರ್‌ಗೆ ಹೋಗುವ ಎರಡು ಕೂಲರ್ ಪೈಪ್‌ಗಳು ಪ್ಯಾಸೆಂಜರ್ ಕಡೆ ಇವೆ. ಫಿಟಿಂಗ್‌ನ ಸುತ್ತ ಒಣ ಬೆರಳು ಆಡಿಸಿ ನೋಡಿ, ಎಂಜಿನ್ ನಿಂತು ತಣ್ಣಗಾದ ಮೇಲೆ. ಅದೇ ಕಡೆ ಸರ್ವೋದ (ಎಣ್ಣೆಯ ಒತ್ತಡದಿಂದ ಗೇರ್ ಬ್ಯಾಂಡ್ ಬಿಗಿಯುವ ಭಾಗ) ದುಂಡನೆ ಮುಚ್ಚಳವೂ ಇದೆ. ಡ್ರೈವರ್ ಕಡೆ ಹಿಂದೆ, 1993ರವರೆಗಿನ ಗೇರ್‌ಬಾಕ್ಸ್‌ಗಳಲ್ಲಿ ಗವರ್ನರ್‌ನ (ಕಾರಿನ ವೇಗಕ್ಕೆ ತಕ್ಕಂತೆ ಗೇರ್ ಬದಲಿಸಲು ನೆರವಾಗುವ ಭಾಗ) ತಗಡಿನ ಮುಚ್ಚಳ. ಅದನ್ನು ಒತ್ತಿ ಕೂರಿಸಿರುತ್ತಾರೆ, ಬೋಲ್ಟ್ ಇಲ್ಲ. ಅಂಚಿನಲ್ಲಿ ಒಸರುತ್ತಿದ್ದರೆ ಹಳೆಯದಕ್ಕೆ ಸೀಲಂಟ್ ಬಳಿಯುವ ಬದಲು ಹೊಸದು ಹಾಕಿ.

ಬೆಲ್ ಹೌಸಿಂಗ್ ಒಳಗೆ ಒದ್ದೆ ಕಂಡರೆ ಮಾತ್ರ ಫ್ರಂಟ್ ಸೀಲ್ ಬಗ್ಗೆ ಯೋಚಿಸಿ. ಆಗಲೂ ಆತುರ ಬೇಡ. ಗೇರ್‌ಬಾಕ್ಸ್‌ನ ನೆತ್ತಿಯ ಮೇಲೆ ಗಾಳಿ ಬಿಡುವ ಸಣ್ಣ ಕೊಳವೆ ಇದೆ. ಎಣ್ಣೆ ಜಾಸ್ತಿ ತುಂಬಿಸಿದ್ದರೆ ನೊರೆಯೆದ್ದು ಅಲ್ಲಿಂದ ಉಕ್ಕಿ, ಬೆಲ್ ಹೌಸಿಂಗ್ ಹಿಂಬದಿಯಲ್ಲಿ ಇಳಿಯುತ್ತದೆ, ನೋಡಿದವರು ಫ್ರಂಟ್ ಸೀಲ್ ಅಂದುಕೊಳ್ಳುತ್ತಾರೆ. ಹೊರಗೆ ಮೇಲಿನಿಂದ ಒದ್ದೆಯಾಗಿ, ಒಳಗೆ ಒಣಗಿದ್ದರೆ ಅದು ಕೊಳವೆಯದು ಇರಬಹುದು, ಮಟ್ಟ ಸರಿ ಮಾಡಿ ನೋಡಿ. ಕೆಳಗಿನ ಮುಚ್ಚಳ ತೆಗೆದಾಗ ಒಳಗೆ ಕನ್ವರ್ಟರ್ ಸುತ್ತ ಎಣ್ಣೆ ಸಿಡಿದು ಗೋಡೆಗೆ ಅಂಟಿದ್ದರೆ ಆಗ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದವರಿಗೆ ಒಂದು ಮಾತು: ಸೀಲ್ ಒಂದನ್ನೇ ಬದಲಿಸಿ ಮುಚ್ಚಬೇಡಿ. ಗೇರ್‌ಬಾಕ್ಸ್ ಮುಂಭಾಗದ ಎಣ್ಣೆ ಪಂಪ್‌ನ ಬುಷ್ (ಶಾಫ್ಟ್‌ಗೆ ಆಸರೆಯಾಗುವ ಲೋಹದ ಬಳೆ) ಸವೆದಿದ್ದರೆ ಕನ್ವರ್ಟರ್ ಕತ್ತು ಅಲ್ಲಾಡುತ್ತದೆ, ಹೊಸ ಸೀಲ್ ಕೂಡ ಬೇಗ ಕೆಡುತ್ತದೆ. ಪಂಪ್‌ನ ದೊಡ್ಡ ಓ-ರಿಂಗ್ ಕೂಡ ಆಗಲೇ ಬದಲಿಸಿ. ಬಾಲದ ಸೀಲ್‌ಗೂ ಇದೇ ಮಾತು, ಅಲ್ಲೂ ಬುಷ್ ಇದೆ. ಸಿ4ನಲ್ಲಿ ಆ ಸೀಲ್ ತಲುಪಲು ಎಕ್ಸಾಸ್ಟ್ ಇಳಿಸಿ, ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಹೋಗುವ ಸಿ-ಬೀಮ್ ಬಿಚ್ಚಿ, ಪ್ರೊಪೆಲ್ಲರ್ ಶಾಫ್ಟ್ ತೆಗೆಯಬೇಕು. ಅಷ್ಟೆಲ್ಲ ಮಾಡಿ ಬುಷ್ ನೋಡದೇ ಬಿಟ್ಟರೆ ಬೇಸರವಾಗುತ್ತದೆ.

ಕಣ್ಣಿಗೆ ಏನೂ ಸಿಗದಿದ್ದರೆ ಯುವಿ ಡೈ (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಹಾಕಿ. ಡಿಪ್‌ಸ್ಟಿಕ್ ಕೊಳವೆಯಲ್ಲಿ ಸುರಿದು, ಸ್ವಲ್ಪ ದೂರ ಓಡಿಸಿ ಬಂದು, ಕತ್ತಲೆಯಲ್ಲಿ ಯುವಿ ಟಾರ್ಚ್ ಹಿಡಿದು, ಹಳದಿ ಕನ್ನಡಕ ಹಾಕಿಕೊಂಡು ನೋಡಿ. ಸೋರಿದ ದಾರಿಯೆಲ್ಲ ಹಳದಿ-ಹಸಿರಾಗಿ ಹೊಳೆಯುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗುತ್ತಾ ಹೋಗಿ, ಅದು ಶುರುವಾಗುವ ಜಾಗವೇ ನಿಮಗೆ ಬೇಕಾದದ್ದು. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಸಲ ಡೈ ಹಾಕಬೇಡಿ, ಎರಡೂ ಹೊಳೆದರೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಡೈ ಇಲ್ಲದಿದ್ದರೆ ಕಾಲಿಗೆ ಹಾಕುವ ಬಿಳಿ ಪೌಡರ್ ಸ್ಪ್ರೇ ಸಾಕು, ಒಣಗಿದ ಲೋಹದ ಮೇಲೆ ಹೊಡೆದರೆ ಮೊದಲ ಪಸೆ ಬಂದ ಕಡೆ ಕಪ್ಪಗೆ ಕಾಣುತ್ತದೆ.

ಇಷ್ಟು ನೋಡಿ ಕೊನೆಗೆ ಪ್ಯಾನ್ ಅಂಚೇ ಅಂತ ಗೊತ್ತಾದರೆ, ಗ್ಯಾಸ್ಕೆಟ್ ಜೊತೆ ಪ್ಯಾನ್ ಕೂಡ ನೋಡಿ. 16 ಬೋಲ್ಟ್‌ಗಳು. ಸೋರುತ್ತಿದೆ ಅಂತ ಹಿಂದಿನವರು ಬಿಗಿದು ಬಿಗಿದು ರಂಧ್ರಗಳ ಸುತ್ತ ತಗಡು ಉಬ್ಬಿರುತ್ತದೆ. ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸುಮಾರು 11 ನ್ಯೂಟನ್ ಮೀಟರ್ ಸಾಕು. ಪ್ಯಾನ್ ಇಳಿಸಿದಾಗ ಸುಮಾರು 5 ಕ್ವಾರ್ಟ್ (ಸುಮಾರು 4.7 ಲೀಟರ್) ಎಣ್ಣೆ ಬರುತ್ತದೆ. ಹೊಸದಾಗಿ ಡೆಕ್ಸ್‌ರಾನ್ 6 ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ತುಂಬಿಸಬಹುದು, ಹಳೆ ಡೆಕ್ಸ್‌ರಾನ್ ಬೇಕಿದ್ದ ಕಡೆಯೂ ಅದು ಆಗುತ್ತದೆ. ಆಗಲೇ ಎಣ್ಣೆಯ ಬಣ್ಣ ನೋಡಿ. ಸ್ಟ್ರಾಬೆರಿ ಮಿಲ್ಕ್‌ಶೇಕ್ ಹಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ನೀರು ಸೇರಿದೆ, ಕಾರು ಓಡಿಸಬೇಡಿ.

ಸೀಲ್ ಉಬ್ಬಿಸುವ ಬಾಟಲಿ ಔಷಧಿಗಳನ್ನು ನಾನು ಹಾಕುವುದಿಲ್ಲ. ಗಟ್ಟಿಯಾದ ರಬ್ಬರ್ ಕೆಲವು ದಿನ ಮೆತ್ತಗಾಗಬಹುದು, ಆದರೆ ಅದು ಒಳಗಿನ ಒಳ್ಳೆಯ ಸೀಲ್‌ಗಳನ್ನೂ ಬಿಡುವುದಿಲ್ಲ. ಎಣ್ಣೆ ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆ ಬರುತ್ತಿದ್ದರೆ, ಇಲ್ಲವೇ ಗೇರ್ ಹಾಕಿದಾಗ ಕಾರು ತಡವಾಗಿ ಹೊರಡುತ್ತಿದ್ದರೆ, ಅವತ್ತಿನಿಂದಲೇ ಓಡಿಸುವುದು ನಿಲ್ಲಿಸಿ. ವಾರಕ್ಕೆ ಒಂದೆರಡು ಹನಿ ಅಷ್ಟೇ ಆದರೆ ಮಟ್ಟ ನೋಡಿಕೊಳ್ಳುತ್ತಾ, ಬಿಡುವಾದಾಗ ಕೈ ಹಾಕಿದರೆ ಸಾಕು. ರಿಪೇರಿ ಆದ ಮೇಲೆ ಆ ಜಾಗ ಮತ್ತೊಮ್ಮೆ ತೊಳೆದು, ಹೊಸ ರಟ್ಟು ಹಾಸಿ ಎರಡು ವಾರ ಬಿಡಿ. ತೆಗೆದ ಹಳೆ ಎಣ್ಣೆಯನ್ನು ಅಮೆರಿಕದಲ್ಲಿ ಬಿಡಿಭಾಗ ಮಾರುವ ಬಹಳಷ್ಟು ಅಂಗಡಿಗಳು ವಾಪಸ್ ತೆಗೆದುಕೊಳ್ಳುತ್ತವೆ, ಮುಚ್ಚಳವಿರುವ ಡಬ್ಬದಲ್ಲಿ ತುಂಬಿ ಕೊಟ್ಟು ಬನ್ನಿ.