ನಿಮ್ಮೂರಿನ ಪಿನ್‌ಕೋಡ್ ಯಾವ ಬಗೆಯ ಸಂಖ್ಯೆ? ಹೀಗೆ ಪತ್ತೆ ಮಾಡಿ

ಹುಬ್ಬಳ್ಳಿಯ 580020, ಧಾರವಾಡದ 580001. ಎರಡಕ್ಕೂ ಇರುವ ಅಂತರ ಬರೀ 19. ಆದರೆ ಗುಣ ನೋಡಿದರೆ ಒಂದು ಪೂರ್ವ, ಇನ್ನೊಂದು ಪಶ್ಚಿಮ. ಅದನ್ನು ಕಂಡುಹಿಡಿಯೋಕೆ ಒಂದು ಪೆನ್ನು, ಒಂದು ಹಾಳೆ ಸಾಕು.

ಮೊದಲು ಹುಬ್ಬಳ್ಳಿ. ಕೊನೆಯ ಎರಡು ಅಂಕಿ 20, ಹಾಗಾಗಿ 4 ಮತ್ತು 5ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 15, ಅಂದರೆ 3 ಹೋಗುತ್ತದೆ, 9 ಹೋಗುವುದಿಲ್ಲ. ಇನ್ನು 7? ಇಲ್ಲೊಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಆರಂಕಿಯ ಸಂಖ್ಯೆಯನ್ನು ಮೂರು ಮೂರಂಕಿಯಾಗಿ ಮುರಿದು ಒಂದರಿಂದ ಇನ್ನೊಂದನ್ನು ಕಳೆಯಿರಿ: 580 − 020 = 560. ಇದು 7ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಆಗುತ್ತದೆ. ಯಾಕೆಂದರೆ 580020 ಅಂದರೆ 580 × 1001 − 560. ಈ 1001 ಅಂದರೆ 7 × 11 × 13 ಅಲ್ವಾ, ಅದಕ್ಕೇ ಒಂದೇ ಕಳೆಯುವ ಲೆಕ್ಕದಲ್ಲಿ 7, 11, 13 ಮೂರನ್ನೂ ನೋಡಬಹುದು. 560ಕ್ಕೆ 7 ಹೋಗುತ್ತದೆ, 11 ಮತ್ತು 13 ಹೋಗುವುದಿಲ್ಲ.

ಕೊನೆಗೆ ಸಿಗುವುದು 2 × 2 × 3 × 5 × 7 × 1381. ಈಗ ಪ್ರತಿ ಅವಿಭಾಜ್ಯ ಸಂಖ್ಯೆ ಎಷ್ಟು ಸಲ ಬಂದಿದೆಯೋ ಅದಕ್ಕೆ ಒಂದು ಕೂಡಿಸಿ, ಎಲ್ಲವನ್ನೂ ಗುಣಿಸಿ: 3 × 2 × 2 × 2 × 2 = 48. ಅಷ್ಟು ಭಾಜಕಗಳು! ತನ್ನನ್ನು ಬಿಟ್ಟು ಉಳಿದ 47ನ್ನು ಕೂಡಿಸಿದರೆ 12,77,388 ಬರುತ್ತದೆ, ಸಂಖ್ಯೆಯ ಎರಡು ಪಟ್ಟಿಗಿಂತ ಜಾಸ್ತಿ. ಮೊತ್ತ ಹೀಗೆ ಸಂಖ್ಯೆಯನ್ನು ಮೀರಿದರೆ ಅದು ಸಮೃದ್ಧ ಸಂಖ್ಯೆ. ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ, 6 ಮತ್ತು 28ರ ಹಾಗೆ.

ಧಾರವಾಡಕ್ಕೆ ಬನ್ನಿ. 2, 3, 5 ಯಾವುದೂ ಹೋಗುವುದಿಲ್ಲ. 580 − 001 = 579, ಇದಕ್ಕೆ 7, 11, 13 ಕೂಡ ಹೋಗುವುದಿಲ್ಲ. ಎಲ್ಲಿಯವರೆಗೆ ನೋಡಬೇಕು? ವರ್ಗಮೂಲದವರೆಗೆ, ಅಂದರೆ 761ರವರೆಗೆ. ಅಲ್ಲಿಯವರೆಗೆ 135 ಅವಿಭಾಜ್ಯ ಸಂಖ್ಯೆಗಳಿವೆ. ಬೇಸರದ ಕೆಲಸ ನಿಜ, ಆದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ದಿನಕ್ಕೆ ಹತ್ತಿಪ್ಪತ್ತರಂತೆ ನೋಡಿದರೂ ಎರಡು ವಾರದೊಳಗೆ ಮುಗಿಯುತ್ತದೆ. ಒಂದೂ ಹೋಗುವುದಿಲ್ಲ. 580001 ಅವಿಭಾಜ್ಯ!

ಇಲ್ಲಿಗೇ ಬಿಡಬೇಡಿ. 4ರಿಂದ ಭಾಗಿಸಿದಾಗ 1 ಉಳಿಯುವ ಯಾವುದೇ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಗಣಿತಜ್ಞ ಫರ್ಮಾ ಹೇಳಿದ್ದನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದರು. 580001 ಆ ಗುಂಪಿನದೇ. ದೊಡ್ಡ ವರ್ಗದಿಂದ ಶುರು ಮಾಡಿ. 761ರ ವರ್ಗ ಕಳೆದರೆ 880 ಉಳಿಯುತ್ತದೆ, ಅದು ವರ್ಗವಲ್ಲ. 760ರ ವರ್ಗ ಕಳೆದರೆ 2,401, ಅಂದರೆ 49ರ ವರ್ಗ. ಎರಡನೇ ಏಟಿಗೇ ಸಿಕ್ಕಿತು, ನನಗಂತೂ ಮೈ ಜುಮ್ ಎಂದಿತು.

ಗದಗದವರು 582101 ತೆಗೆದುಕೊಳ್ಳಿ. 582 − 101 = 481, ಇದಕ್ಕೆ 13 ಹೋಗುತ್ತದೆ, ಹಾಗಾಗಿ 13 × 44,777. ಈ 44,777ಕ್ಕೆ 2ರಿಂದ 13ರವರೆಗಿನ ಯಾವ ಅವಿಭಾಜ್ಯ ಸಂಖ್ಯೆಯೂ ಹೋಗುವುದಿಲ್ಲ. 17ರಿಂದ ಶುರು ಮಾಡಿ, 211ಕ್ಕೆ ನಿಲ್ಲಿಸಿ.