ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಭೋರ್ ಅನ್ನೋ ಶಬ್ದವೇ? ಬೇರಿಂಗ್ ಬದಲಿಸುವ ಮುಂಚೆ ಇಷ್ಟು ನೋಡಿ

ಕೊಳ್ಳುವ ಮುಂಚೆ ಗಲ್ಲಿಯಲ್ಲಿ ನಾಲ್ಕು ಸುತ್ತು ಓಡಿಸಿ ನೋಡಿರುತ್ತೀರಿ, ಏನೂ ಕೇಳಿಸಿರುವುದಿಲ್ಲ. ಹೆದ್ದಾರಿಗೆ ಇಳಿಸಿ ವೇಗ 60 ದಾಟುತ್ತಿದ್ದ ಹಾಗೆ ಕೆಳಗಿಂದ ಎಲ್ಲೋ ಭೋರ್ ಅಂತ ಶುರು, ವೇಗ ಏರಿದಷ್ಟೂ ಅದೂ ಏರುತ್ತದೆ, ಪಕ್ಕದಲ್ಲಿ ಕೂತವರ ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ಥಟ್ಟನೆ ಬರುವ ಉತ್ತರ: ‘ವೀಲ್ ಬೇರಿಂಗ್ ಹೋಗಿದೆ’, ಅಂದರೆ ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಇರುವ ಗುಂಡುಗಳ ಬಳೆ ಸವೆದಿದೆ ಅಂತ. ಹೋಗಿರಲೂಬಹುದು. ಆದರೆ ನಾನು ಆ ಮಾತು ನಂಬಿ ಮುಂದಿನ ಎರಡೂ ಬೇರಿಂಗ್ ಬದಲಿಸಿದೆ, ಶಬ್ದ ಮಾತ್ರ ಹಾಗೇ ಇತ್ತು. ಕೊನೆಗೆ ನೋಡಿದರೆ ಹಿಂದಿನ ಟೈರುಗಳದ್ದು ಕಿತಾಪತಿ!

ಹಾಗಾಗಿ ಏನನ್ನೂ ಬಿಚ್ಚುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಶಬ್ದ ಚಕ್ರದ ಜೊತೆ ಏರಿಳಿಯುತ್ತಿದೆಯೋ, ಎಂಜಿನ್ ಜೊತೆಯೋ?

ಖಾಲಿ ಇರುವ ನೇರ ರಸ್ತೆ ಹುಡುಕಿ. ಎಸಿ, ಬ್ಲೋವರ್, ಹಾಡು ಎಲ್ಲಾ ಬಂದ್. ನಾಲ್ಕನೇ ಗೇರಿನಲ್ಲಿ 60ಕ್ಕೆ ಓಡಿಸಿ, ಅದೇ 60ರಲ್ಲೇ ಮೂರನೇ ಗೇರಿಗೆ ಇಳಿಸಿ. ಈಗ ಎಂಜಿನ್ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಚಕ್ರ ಅಷ್ಟೇ ವೇಗದಲ್ಲಿರುತ್ತದೆ. ಭೋರ್ ಶಬ್ದದ ಸ್ವರ ಬದಲಾಗಲಿಲ್ಲವೆಂದರೆ ಎಂಜಿನ್ನಿನದಲ್ಲ. ಆಮೇಲೆ ಒಂದೆರಡು ಕ್ಷಣ ನ್ಯೂಟ್ರಲ್‌ಗೆ ಹಾಕಿ ಕೇಳಿ, ಆಗಲೂ ಇದ್ದರೆ ಟೈರು ಅಥವಾ ಬೇರಿಂಗ್ ಮೇಲೆ ಅನುಮಾನ ಜಾಸ್ತಿ. ಓಡುತ್ತಿರುವಾಗ ಕೀ ಮಾತ್ರ ಆಫ್ ಮಾಡಬೇಡಿ, ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ಸಹಾಯ ಹೋಗುತ್ತದೆ, ಸ್ಟೇರಿಂಗ್ ಲಾಕ್ ಕೂಡ ಆಗಬಹುದು.

ಚಕ್ರದ ಕಡೆಯದು ಅಂತಾದರೆ ಮೊದಲು ಟೈರ್ ನೋಡಿ, ಯಾಕಂದ್ರೆ ನೋಡೋಕೆ ಖರ್ಚಿಲ್ಲ. ನುಣ್ಣನೆಯ ಡಾಂಬರಿನಿಂದ ಒರಟು ಕಾಂಕ್ರೀಟಿಗೆ ಹೋದಾಗ ಶಬ್ದ ಪೂರ್ತಿ ಬದಲಾದರೆ ಅದು ಟೈರಿನದೇ ಇರಬೇಕು. ಬೇರಿಂಗಿಗೆ ರಸ್ತೆ ಯಾವುದಾದರೇನು? ಗಾಡಿ ನಿಲ್ಲಿಸಿ ಟೈರಿನ ಮೇಲೆ ಅಂಗೈ ಸವರಿ, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತದೆಯೇ? ಅಲ್ಲಲ್ಲಿ ತಗ್ಗು ಬಿದ್ದಿದೆಯೇ? ತಂತಿ ಹೊರಬಂದಿರಬಹುದು, ಹುಷಾರಾಗಿ ಸವರಿ. ಅಲೈನ್‌ಮೆಂಟ್ ತಪ್ಪಿದಾಗ, ಶಾಕ್ ಅಬ್ಸಾರ್ಬರ್ ಸೋತಾಗ, ಟೈರುಗಳ ಜಾಗ ವರ್ಷಗಟ್ಟಲೆ ಬದಲಿಸದೇ ಇದ್ದಾಗ ಹೀಗೆ ಸವೆಯುತ್ತವೆ. ಟೈರಿನ ವಯಸ್ಸು ತಿಳಿಯಲು ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಯನ್ನೂ ಓದಿ, 2318 ಅಂದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ನಾಲ್ಕೂ ಟೈರು ಒಂದೇ ಅಳತೆಯವಾದರೆ ಮುಂದಿನವನ್ನು ಅದೇ ಮಗ್ಗುಲಲ್ಲಿ ಹಿಂದಕ್ಕೂ, ಹಿಂದಿನವನ್ನು ಮುಂದಕ್ಕೂ ಹಾಕಿಸಿ ಓಡಿಸಿ. ಶಬ್ದವೂ ಜಾಗ ಬದಲಿಸಿತೋ, ಕಳ್ಳ ಸಿಕ್ಕಿದ.

ಜಾಗ ಬದಲಿಸಲಿಲ್ಲವೇ? ಹಾಗಾದರೆ ಬೇರಿಂಗ್ ಮೇಲೆ ಅನುಮಾನ. ವಾಹನ ಇಲ್ಲದ ರಸ್ತೆಯಲ್ಲಿ ಸ್ಟೇರಿಂಗನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಸ್ವಲ್ಪ ವಾಲಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ, ಆಗ ಶಬ್ದ ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆ ಬೇರಿಂಗ್ ಕೆಟ್ಟಿರುತ್ತದೆ. ಇದನ್ನು ಉಲ್ಟಾ ತಿಳಿದು ಸರಿಯಾಗಿರುವುದನ್ನೇ ಬಿಚ್ಚಿಸಿದವರಿದ್ದಾರೆ. ಆಮೇಲೆ ಸಮತಟ್ಟು ನೆಲದಲ್ಲಿ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ನಂತರ ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಲ್ಲಿ ಚಕ್ರ ತಿರುಗಿಸಿ, ಬೇರಿಂಗ್ ಕೆಟ್ಟಿದ್ದರೆ ಮರಳು ಅರೆದ ಹಾಗೆ ನಡುಕ ಕೈಗೆ ತಾಗುತ್ತದೆ. ಅಲ್ಲಾಟ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ, ಶಬ್ದ ಮೊದಲು, ಅಲ್ಲಾಟ ಆಮೇಲೆ. ಅಲ್ಲಾಟ ಶುರುವಾಗಿದ್ದರೆ ಆ ಗಾಡಿ ಓಡಿಸಬೇಡಿ.

ಇನ್ನು, ಶಬ್ದ ಎಂಜಿನ್ ಜೊತೆ ಏರುತ್ತಿದ್ದರೆ ನಿಂತಲ್ಲೇ ರೇಸ್ ಕೊಟ್ಟು ಕೇಳಬಹುದು, ಕೆಲಸ ಸುಲಭ. ಸೈಲೆನ್ಸರ್ ಪೈಪ್ ತೂತಾಗಿರಬಹುದು, ಇದನ್ನು ಮುಂದೂಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬಂದರೆ ಗೊತ್ತೇ ಆಗುವುದಿಲ್ಲ, ಅದಕ್ಕೆ ವಾಸನೆಯೇ ಇಲ್ಲ. ಏರ್ ಫಿಲ್ಟರ್ ಡಬ್ಬದ ಕ್ಲಿಪ್ ಸರಿಯಾಗಿ ಕೂತಿರದಿದ್ದರೂ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಗಾಡಿ ಗರ್ಜಿಸುತ್ತದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಇದ್ದ ಶಬ್ದ ಕ್ಲಚ್ ತುಳಿದ ಕೂಡಲೇ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಅನ್ನಿ.

ಬರೀ 80ರ ಮೇಲೆ, ಅದರಲ್ಲೂ ಎದುರುಗಾಳಿ ಇದ್ದಾಗ ಮಾತ್ರ ಬರುತ್ತದೆಯೇ? ಬಾಗಿಲಿನ ಸಂದಿಗೆ ಹೊರಗಿಂದ ಅಗಲದ ಟೇಪ್ ಅಂಟಿಸಿ ಒಂದು ಸುತ್ತು ಹೋಗಿ ಬನ್ನಿ, ಕಡಿಮೆಯಾದರೆ ಬಾಗಿಲಿನ ರಬ್ಬರ್ ಹೋಗಿದೆ.

ಮೆಕ್ಯಾನಿಕ್ ಹತ್ತಿರ ಸುಮ್ನೆ ‘ಸೌಂಡ್ ಬರುತ್ತೆ’ ಅನ್ನಬೇಡಿ. ‘50ಕ್ಕೆ ಶುರು, ನ್ಯೂಟ್ರಲ್‌ನಲ್ಲೂ ಇದೆ, ಎಡಕ್ಕೆ ತಿರುಗಿದರೆ ಜಾಸ್ತಿ, ಟೈರ್ ಅದಲುಬದಲು ಮಾಡಿ ನೋಡಿದ್ದೇನೆ’ ಅನ್ನಿ. ಬಿಚ್ಚುವ ಮುಂಚೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿ.