ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ದಿನಗಳು

ನನ್ನ ತಮ್ಮ ಸೈನಿಕ. ನೆಲಬಾಂಬ್ ಸ್ಫೋಟದಲ್ಲಿ ಅವನ ಎಡ ಮೊಣಕಾಲಿನ ಕೆಳಗೆ ಮೂಳೆ ಚೂರಾಗಿ, ಮಾಂಸಖಂಡ ಹರಿದುಹೋಯಿತು. ಅಲ್ಲಿಂದ ಒಂದರ ಹಿಂದೊಂದು ಶಸ್ತ್ರಚಿಕಿತ್ಸೆ. ಥಿಯೇಟರಿನೊಳಗಿನ ಕೆಲಸ ವೈದ್ಯರದು. ಒಂದು ಮುಗಿದು ಇನ್ನೊಂದು ಬರುವವರೆಗಿನ ದಿನಗಳು ಮನೆಯವರ ಪಾಲಿನವು. ಆ ದಿನಗಳನ್ನು ನಾವು ಹೇಗೆ ನಿಭಾಯಿಸಿದೆವು ಎಂಬುದನ್ನು ಇದೇ ದಾರಿಗೆ ಈಗಷ್ಟೇ ಬಂದಿರುವ ಕುಟುಂಬಗಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮನ್ನು ಕಂಗೆಡಿಸಿದ್ದು ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟಿದ್ದು. ಚಿಕಿತ್ಸೆ ಅರ್ಧಕ್ಕೆ ನಿಂತಿದೆಯೇನೋ ಎಂದು ಅಮ್ಮ ಹೆದರಿದ್ದರು. ಸ್ಫೋಟವು ಮಣ್ಣು, ಬಟ್ಟೆಯ ಎಳೆ, ಲೋಹದ ಚೂರುಗಳನ್ನು ಮಾಂಸದ ಆಳಕ್ಕೆ ನುಗ್ಗಿಸಿರುತ್ತದೆ. ಇಂದು ಜೀವಂತವಾಗಿ ಕಾಣುವ ಸ್ನಾಯು ಎರಡು ದಿನದಲ್ಲಿ ಸತ್ತುಹೋಗಬಹುದು. ಅದಕ್ಕೇ ಒಂದೆರಡು ದಿನಕ್ಕೊಮ್ಮೆ ಮತ್ತೆ ಅರಿವಳಿಕೆ ಕೊಟ್ಟು, ಸತ್ತ ಭಾಗವನ್ನು ಕತ್ತರಿಸಿ ತೆಗೆದು ತೊಳೆಯುತ್ತಾರೆ. ಪೂರ್ತಿ ಶುಚಿಯಾದ ಮೇಲೆಯೇ ಮುಚ್ಚುತ್ತಾರೆ. ಮೊದಲ ಮಹಾಯುದ್ಧದ ವೈದ್ಯರು ಅಪಾರ ಸಾವುನೋವು ಕಂಡು ಕಲಿತ ಪಾಠವಿದು. ಇದನ್ನು ಒಬ್ಬ ನರ್ಸ್ ಕೂರಿಸಿಕೊಂಡು ವಿವರಿಸಿದ ದಿನ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದರು. ಕಾರಣ ಗೊತ್ತಿದ್ದರೆ ಮನೆಯವರಿಗೆ ಅರ್ಧ ಧೈರ್ಯ ತಾನಾಗಿ ಬರುತ್ತದೆ. ಆದ್ದರಿಂದ ಕೇಳಲು ಸಂಕೋಚಪಡಬೇಡಿ.

ಒಂದು ದಪ್ಪ ನೋಟ್‌ಬುಕ್ ತಂದೆವು. ಯಾವ ದಿನ ಏನು ಮಾಡಿದರು, ಯಾವ ಆ್ಯಂಟಿಬಯೋಟಿಕ್ ಶುರುವಾಯಿತು, ಯಾವುದು ನಿಂತಿತು, ಕೀವಿನ ಪರೀಕ್ಷೆಯ ಫಲಿತಾಂಶವೇನು, ಅರಿವಳಿಕೆಯಿಂದ ಎದ್ದಾಗ ಅವನು ಹೇಗಿದ್ದ ಎಂದೆಲ್ಲ ಬರೆದಿಟ್ಟೆವು. ಪಾಳಿ ಬದಲಾಗಿ ಹೊಸ ವೈದ್ಯರು ಬಂದಾಗ ಎಲ್ಲವನ್ನೂ ನೆನಪಿನಿಂದ ಒಪ್ಪಿಸುವ ಕಷ್ಟ ತಪ್ಪಿತು. ಒಂದು ಔಷಧದಿಂದ ಅವನ ಮೈಮೇಲೆ ದದ್ದು ಎದ್ದಿದ್ದನ್ನು ಬರೆದಿದ್ದೆವು. ಮುಂದೊಮ್ಮೆ ಅದೇ ಔಷಧ ಮತ್ತೆ ಚೀಟಿಗೆ ಬಂದಾಗ ಆ ಪುಟ ಕೆಲಸಕ್ಕೆ ಬಂತು. ವೈದ್ಯರೊಂದಿಗೆ ಮಾತನಾಡುವ ಹೊಣೆ ನನ್ನೊಬ್ಬಳದು, ರಾತ್ರಿ ಜೊತೆಗಿರುವುದು ಅಪ್ಪ, ಸಂಬಂಧಿಕರ ಫೋನುಗಳಿಗೆ ಉತ್ತರಿಸುವುದು ತಮ್ಮನ ಹೆಂಡತಿಯ ಅಣ್ಣ ಎಂದು ಹಂಚಿಕೊಂಡೆವು. ತಮ್ಮನ ಹೆಂಡತಿಗೆ ಯಾವ ಹೊಣೆಯನ್ನೂ ಕೊಡಲಿಲ್ಲ. ಅವಳು ಅವನ ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕಿತ್ತು, ಅದೇ ದೊಡ್ಡ ಕೆಲಸ.

ಗಾಯ ಮುಚ್ಚಿ, ತೊಡೆಯಿಂದ ತೆಗೆದ ಚರ್ಮದ ಕಸಿ ಹಿಡಿದ ಮೇಲೆ ಮೂಳೆಯ ಸರದಿ. ನಡುವೆ ಖಾಲಿಯಾಗಿದ್ದ ಜಾಗವನ್ನು ತುಂಬಲು ಇಲಿಜಾರೋವ್ ರಿಂಗ್ ಹಾಕಿದರು. ಸೋವಿಯತ್ ವೈದ್ಯ ಗವ್ರಿಯಿಲ್ ಇಲಿಜಾರೋವ್ ಸೈಬೀರಿಯಾದ ಕುರ್ಗಾನ್‌ನಲ್ಲಿ 1950ರ ದಶಕದಲ್ಲಿ ರೂಪಿಸಿದ ವಿಧಾನವಿದು. ಕಾಲಿನ ಸುತ್ತ ಲೋಹದ ಉಂಗುರಗಳು, ಅವುಗಳಿಂದ ಮೂಳೆಯನ್ನು ಹಾಯ್ದುಹೋಗುವ ಬಿಗಿ ತಂತಿಗಳು. ಮೂಳೆಯನ್ನು ಇನ್ನೊಂದೆಡೆ ಕತ್ತರಿಸಿ, ಸುಮಾರು ಒಂದು ವಾರ ಬಿಟ್ಟು, ಉಂಗುರಗಳ ನಟ್ ತಿರುಗಿಸಿ ಆ ತುಂಡನ್ನು ಖಾಲಿ ಜಾಗದ ಕಡೆಗೆ ನಿಧಾನವಾಗಿ ಸರಿಸುತ್ತ ಹೋದರೆ ಹಿಂದೆ ಉಳಿದ ಸಂದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಸರಿಸುವ ವೇಗ ಸಾಮಾನ್ಯವಾಗಿ ದಿನಕ್ಕೆ ಒಂದು ಮಿಲಿಮೀಟರ್, ಅದೂ ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಐದು ಸೆಂಟಿಮೀಟರ್ ತುಂಬಬೇಕೆಂದರೆ ಬರೀ ತಿರುಗಿಸುವುದಕ್ಕೇ 50 ದಿನ. ಆ ಎಳೆಯ ಮೂಳೆ ಗಟ್ಟಿಯಾಗಲು ಅದರ ಮೇಲೆ ಇನ್ನೂ ಹಲವು ತಿಂಗಳು.

ಈ ತಿರುಗಿಸುವ ಕೆಲಸ ಮನೆಯಲ್ಲಿ ನಮ್ಮದಾಯಿತು. ಯಾವ ನಟ್, ಯಾವ ದಿಕ್ಕು ಎಂಬುದಕ್ಕೆ ಬಣ್ಣದ ಗುರುತು ಹಾಕಿಸಿಕೊಂಡೆವು. ಮೊಬೈಲಿನಲ್ಲಿ ನಾಲ್ಕು ಹೊತ್ತಿಗೆ ಅಲಾರಾಂ. ತಿರುಗಿಸಿದ ಕೂಡಲೇ ಒಬ್ಬರು ಟಿಕ್ ಹಾಕಬೇಕು, ಇಲ್ಲವಾದರೆ ಇಬ್ಬರೂ ತಿರುಗಿಸಿಬಿಡುವ ಅಪಾಯವಿದೆ. ತಂತಿ ಚರ್ಮದೊಳಗೆ ಇಳಿಯುವ ಒಂದೊಂದು ಜಾಗವನ್ನೂ ಬೇರೆ ಬೇರೆ ಹತ್ತಿಯಿಂದ ಒರೆಸುತ್ತಿದ್ದೆವು. ಒಂದರ ಸೋಂಕು ಇನ್ನೊಂದಕ್ಕೆ ದಾಟಬಾರದು. ತಿಳಿನೀರಿನಂಥ ದ್ರವ ಸ್ವಲ್ಪ ಒಸರಿದರೆ ಗಾಬರಿ ಬೇಡ. ಕೀವು, ಹರಡುವ ಕೆಂಪು, ಹೆಚ್ಚುತ್ತಲೇ ಹೋಗುವ ನೋವು, ಜ್ವರ ಕಂಡರೆ ಮಾತ್ರ ಬೆಳಗಾಗಲೆಂದು ಕಾಯಬೇಡಿ. ಸೋಂಕು ಮೂಳೆಗೆ ಇಳಿದರೆ ಮತ್ತೆ ಥಿಯೇಟರ್ ಸೇರಬೇಕಾಗುತ್ತದೆ, ವಾರಗಟ್ಟಲೆ ಔಷಧ ತೆಗೆದುಕೊಳ್ಳಬೇಕಾಗುತ್ತದೆ. ಹೊಗೆ ಮೂಳೆ ಕೂಡುವುದನ್ನು ತಡೆಯುತ್ತದೆಂದು ವೈದ್ಯರು ಹೇಳಿದ ದಿನ ತಮ್ಮ ಸಿಗರೇಟು ಬಿಟ್ಟ. ಅವನ ಎದುರು ಸೇದಬಾರದೆಂದು ಅಪ್ಪನೂ ಬಿಟ್ಟರು.

ರಾತ್ರಿಗಳು ಬೇರೆಯೇ. ನಿದ್ದೆಯಲ್ಲಿ ಅವನು ಆ ಸ್ಫೋಟದ ಜಾಗಕ್ಕೆ ಹೋಗಿಬಿಡುತ್ತಿದ್ದ. ಮುಟ್ಟಿ ಅಲುಗಾಡಿಸಿದರೆ ಶತ್ರುವೆಂದುಕೊಂಡು ಕೈಬೀಸಬಹುದು ಎಂದು ಮನೋವೈದ್ಯರು ಮೊದಲೇ ಎಚ್ಚರಿಸಿದ್ದರು. ಅಪ್ಪ ಮಂಚದಿಂದ ದೂರ, ಕಾಲ ಬಳಿ ನಿಂತು ಸಣ್ಣ ದೀಪ ಹಾಕಿ, ಅವನ ಹೆಸರು ಹಿಡಿದು ಕರೆಯುತ್ತಿದ್ದರು: "ನಾನು ಅಪ್ಪ. ನೀನು ಮನೆಯಲ್ಲಿದ್ದೀಯ." ಉಸಿರು ಹತೋಟಿಗೆ ಬರುವವರೆಗೆ ಅಷ್ಟೇ ಮಾತು. ಏನು ಕಂಡೆ ಎಂದು ನಾವ್ಯಾರೂ ಕೇಳಲಿಲ್ಲ. ಹೇಳಬೇಕೆನಿಸಿದ್ದನ್ನು ಅವನು ಮನೋವೈದ್ಯರಿಗೆ ಹೇಳಿದ, ಜೊತೆಗೆ ಗಾಯಗೊಂಡಿದ್ದ ಗೆಳೆಯನಿಗೆ ಹೇಳಿದ.

ಒಂದು ಹಂತದಲ್ಲಿ, ಸೋಂಕು ಮರುಕಳಿಸಿದಾಗ, ಕಾಲು ತೆಗೆಯುವ ಮಾತು ಬಂತು. ಇಂಥ ತೀವ್ರ ಗಾಯಗಳ ಬಗ್ಗೆ ಅಮೆರಿಕದಲ್ಲಿ ನಾಗರಿಕ ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವನ್ನು ವೈದ್ಯರು ಮುಂದಿಟ್ಟರು: ಎರಡು ವರ್ಷದ ಹೊತ್ತಿಗೆ ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಸ್ಥಿತಿ ಹೆಚ್ಚುಕಡಿಮೆ ಒಂದೇ, ಉಳಿಸಿಕೊಂಡವರು ಮತ್ತೆ ಆಸ್ಪತ್ರೆ ಸೇರುವುದು ಹೆಚ್ಚು. ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಆದರೆ ಕಾಲು ಅವನದು. ಕೃತಕ ಕಾಲು ಹಾಕಿಕೊಂಡು ನಡೆಯುವವರೊಬ್ಬರನ್ನೂ, ರಿಂಗ್ ಬಿಚ್ಚಿಸಿಕೊಂಡು ನಡೆಯುವವರೊಬ್ಬರನ್ನೂ ಅವನಿಗೆ ಭೇಟಿ ಮಾಡಿಸಿ ನಾವು ಹೊರಗೆ ಕುಳಿತೆವು. ಇನ್ನೊಂದು ಶಸ್ತ್ರಚಿಕಿತ್ಸೆಗೆ ಅವಕಾಶ ಕೊಡೋಣ, ಅದೂ ಕೈಕೊಟ್ಟರೆ ತೆಗೆಯಿರಿ ಎಂದ. ಅವನು ಬೇರೆಯದನ್ನು ಹೇಳಿದ್ದರೂ ಜೊತೆಗೇ ಇರುತ್ತಿದ್ದೆವು ಎಂದು ಆ ದಿನವೇ ಹೇಳಿದೆವು.

ಆ ಶಸ್ತ್ರಚಿಕಿತ್ಸೆಯ ಬಳಿಕ ನಟ್ ತಿರುಗಿಸುವ ಸ್ಪ್ಯಾನರನ್ನು ಅವನ ಕೈಗೇ ಕೊಟ್ಟೆವು. ನೋಟ್‌ಬುಕ್ಕಿನ ಟಿಕ್‌ಗಳನ್ನೂ ಈಗ ಅವನೇ ಹಾಕುತ್ತಾನೆ. ಫಿಸಿಯೋಥೆರಪಿ ಸಮಯದಲ್ಲಿ ನಾನು ಕೋಣೆಯ ಹೊರಗಿರುತ್ತೇನೆ, ಕರೆದರೆ ಹೋಗುತ್ತೇನೆ. ಮೂಳೆ ಕೂಡುತ್ತಿರುವುದು ಕಳೆದ ಎಕ್ಸ್‌ರೇಯಲ್ಲಿ ಕಂಡಿದೆ, ರಿಂಗ್ ತೆಗೆಯುವ ದಿನ ಇನ್ನೂ ಗೊತ್ತಾಗಿಲ್ಲ.